ಕೋಟೆಯಲ್ಲಿ ಸುದ್ದಿಯಾಗುವುದು ಹೇಗೆ: ಬಳಕೆದಾರರ ಕೈಪಿಡಿ

ಹೆಗ್ಗಡದೇವನಕೋಟೆಯಲ್ಲಿ ಅಂಗಡಿ ತೆರೆಯಲು ಮನಸ್ಸು ಮಾಡಿದ್ದಕ್ಕೆ ಅಭಿನಂದನೆಗಳು. ಈ ಕೈಪಿಡಿಯನ್ನು ಪೂರ್ತಿ ಓದಿ, ಗಲ್ಲಾಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಡಿ. ಬಂಡವಾಳ, ಬಾಡಿಗೆ ಮುಂಗಡ, ಪುರಸಭೆಯ ಲೈಸೆನ್ಸ್ ಇವುಗಳ ಬಗ್ಗೆ ಇಲ್ಲಿ ಏನೂ ಸಿಗುವುದಿಲ್ಲ. ಅವೆಲ್ಲ ಅಂಗಡಿಗೆ ಬೇಕಾದವು. ಈ ಕೈಪಿಡಿ ಅಂಗಡಿ ತೆರೆದ ಸುದ್ದಿಗೆ ಸಂಬಂಧಪಟ್ಟದ್ದು. ಅಂಗಡಿ ಆರು ತಿಂಗಳಲ್ಲಿ ಬಾಗಿಲು ಹಾಕಬಹುದು. ಸುದ್ದಿಯ ತುಣುಕಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹೊಡೆದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.

ಯಾವ ಊರಿಗೆ ಅನ್ವಯ

ಕೋಟೆ ಪೇಟೆ, ಹ್ಯಾಂಡ್‌ಪೋಸ್ಟ್, ಹಂಪಾಪುರ, ಅಂತರಸಂತೆಗಳಲ್ಲಿ ಇದನ್ನು ಹಾಗೆಯೇ ಬಳಸಬಹುದು. ಪ್ರತ್ಯೇಕ ತಾಲ್ಲೂಕಾದ ಮೇಲೂ ಸುದ್ದಿಯ ಪುಟದಲ್ಲಿ ನಮ್ಮ ಪಕ್ಕವೇ ಕೂರುವ ಸರಗೂರಿಗೂ ಅಡ್ಡಿಯಿಲ್ಲ. ಬೇರೆ ತಾಲ್ಲೂಕಿನವರು ಸ್ವಲ್ಪ ಮಾರ್ಪಾಡು ಮಾಡಿಕೊಳ್ಳಬೇಕು. ಹುಣಸೂರಿನಲ್ಲಿ ಆಗಸ್ಟ್ 20ರಂದು ಏನನ್ನೂ ಉದ್ಘಾಟಿಸಬೇಡಿ. ಅಂದು ದೇವರಾಜ ಅರಸು ಜಯಂತಿ. ನೀವು ಕರೆಯಬೇಕೆಂದಿರುವ ಗಣ್ಯರೆಲ್ಲ ಆ ವೇದಿಕೆಯ ಮೇಲಿರುತ್ತಾರೆ. ಕೆ.ಆರ್. ನಗರದವರು ಸಂಕ್ರಾಂತಿಯ ಆಸುಪಾಸು ಬಿಟ್ಟುಬಿಡಿ. ಚುಂಚನಕಟ್ಟೆ ಜಾತ್ರೆಯಲ್ಲಿ ರಾಸು ಕಟ್ಟಿದವನು ನಿಮ್ಮ ಮೊಬೈಲ್ ಅಂಗಡಿಗೆ ಬಂದಾನೆಯೇ? ಪಿರಿಯಾಪಟ್ಟಣದವರು ಹೊಗೆಸೊಪ್ಪಿನ ವಿದ್ಯೆಯಲ್ಲಿ ನಮಗಿಂತ ಪಳಗಿದವರು, ಅವರಿಗೆ ಹೇಳಿಕೊಡುವುದು ಅಧಿಕಪ್ರಸಂಗ.

ದಿನ ಗೊತ್ತುಮಾಡುವುದು

ಮೊದಲ ನಿಯಮ ಎಲ್ಲರಿಗೂ ಗೊತ್ತಿರುವುದೇ: ಆಷಾಢದಲ್ಲಿ ಅಂಗಡಿಯ ಬಾಗಿಲು ತೆರೆಯುವಂತಿಲ್ಲ. ಕಬಿನಿಯ ಗೇಟು ತೆರೆಯಬಹುದು. 1974ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆ ಪಂಚಾಂಗ ನೋಡುವುದಿಲ್ಲ, ವಯನಾಡಿನ ಮೋಡ ನೋಡುತ್ತದೆ. ಪೂರ್ಣಮಟ್ಟ 2284 ಅಡಿ, ಹಿಡಿಯುವ ನೀರು 19.52 ಟಿಎಂಸಿ. ಕೇರಳದ ಕಡೆ ಮುಂಗಾರು ಬಿಟ್ಟೂಬಿಡದೆ ಹೊಡೆದರೆ ಕೆಆರ್‌ಎಸ್‌ಗಿಂತ ಮೊದಲೇ ತುಂಬಿ ಕೂತಿರುತ್ತದೆ. ಆಗ ಮುಖ್ಯಮಂತ್ರಿಗಳು ಬಾಗಿನ ಬಿಡಲು ಬರುತ್ತಾರೆ. ಆ ವಾರ ತಾಲ್ಲೂಕಿನಲ್ಲಿ ಬೇರೆ ಯಾವ ಸುದ್ದಿಗೂ ಜಾಗವಿಲ್ಲ. ಆದರೆ ರಸ್ತೆಯ ಗುಂಡಿಗಳು ಮುಚ್ಚಿರುತ್ತವಾದ್ದರಿಂದ ನಿಮ್ಮ ಫರ್ನಿಚರ್ ಲೋಡು ತರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಮುಹೂರ್ತ ಇನ್ನೊಂದಿಲ್ಲ.

ಬಾಗಿನದ ಫೋಟೊ ಮೊದಲ ಪುಟದಲ್ಲಿ ಬಂದ ದಿನವೇ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇರುತ್ತದೆ, ಹುಡುಕಿ ನೋಡಿ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯ ಇಟ್ಟುಕೊಂಡ ಈ ಸೀಮೆಯ ಹೊಲಗಳಿಗೆ ನೀರಿಲ್ಲ ಎಂದು ರೈತ ಸಂಘದವರು ಮನವಿ ಕೊಟ್ಟಿರುತ್ತಾರೆ. ಮುಳುಗಿದ ಊರುಗಳು ನಮ್ಮವು, ಬಲದಂಡೆ ನಾಲೆ ಹರಿಯುವುದು ನಂಜನಗೂಡು, ಚಾಮರಾಜನಗರದ ಕಡೆಗೆ. ಈ ಸುದ್ದಿಯನ್ನು ಪ್ರತಿವರ್ಷ ಹೊಸದಾಗಿ ಬರೆಯುವ ಅಗತ್ಯವಿಲ್ಲ, ಇಸವಿ ತಿದ್ದಿದರೆ ಸಾಕು.

ಜುಲೈಗೆ ಇನ್ನೊಂದು ತೊಡಕಿದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತೆಂದು ನಮ್ಮಲ್ಲಿ ಅಂದು ಪತ್ರಿಕಾ ದಿನ. ಒಂದು ದಿನದ ಹಬ್ಬ ಒಂದು ತಿಂಗಳು ನಡೆಯುತ್ತದೆ. ವರದಿಗಾರರೇ ವೇದಿಕೆಯ ಮೇಲೆ ಶಾಲು ಹೊದ್ದು ಕೂತಿರುವಾಗ ನಿಮ್ಮ ಸುದ್ದಿ ಬರೆಯುವವರು ಯಾರು?

ಬಿಡಿಭಾಗಗಳು ಮತ್ತು ಜೋಡಣೆ

ಬೇಕಾದವು: ಕೆಂಪು ಟೇಪು, ಕತ್ತರಿ, ಸ್ಟೀಲ್ ತಟ್ಟೆ, ದೀಪದ ಕಂಬ, ಗಾಳಿಗೆ ಆರದಂತೆ ಕರ್ಪೂರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫ್ಲೆಕ್ಸ್. ಎಲ್ಲವೂ ಪೇಟೆಯಲ್ಲೇ ಸಿಗುತ್ತವೆ. ಸಿಗದಿರುವುದು ಆಹ್ವಾನ ಪತ್ರಿಕೆಯಲ್ಲಿ ಜಾಗ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಸುಖಾಗಮನ ಬಯಸುವವರು. ಇಷ್ಟು ಮೆಟ್ಟಿಲು ಹಾಕಿದರೂ ಇಬ್ಬರು ಒಂದೇ ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಯಾರ ಹೆಸರು ಮೇಲೆ ಎಂಬ ಪ್ರಶ್ನೆಗೆ ಅಕಾರಾದಿ ಎಂಬ ಉತ್ತರ ಕೊಡಬೇಡಿ. ಕೋಟೆಯಲ್ಲಿ ಅದನ್ನು ಯಾರೂ ನಂಬುವುದಿಲ್ಲ. ಅದರ ಬದಲು ಉದ್ಘಾಟನೆಯನ್ನೇ ಸೀಳಿ. ಅಂಗಡಿಯನ್ನು ಒಬ್ಬರು, ಗೋದಾಮನ್ನು ಇನ್ನೊಬ್ಬರು, ಕಂಪ್ಯೂಟರ್ ಬಿಲ್ಲನ್ನು ಮತ್ತೊಬ್ಬರು ಉದ್ಘಾಟಿಸಲಿ. ಮೊದಲ ಗ್ರಾಹಕರಾಗಿ ಪುರಸಭೆ ಸದಸ್ಯರೊಬ್ಬರು ಒಂದು ಬಲ್ಬು ಕೊಳ್ಳಲಿ. ದುಡ್ಡು ಕೇಳಬೇಡಿ.

ಈಗ ಟೇಪು ಕತ್ತರಿಸುವ ಹಂತ. ಇಲ್ಲಿ ನಿಧಾನವಾಗಿ ಓದಿ. ಕತ್ತರಿಗೆ ಇರುವುದು ಎರಡು ತೂತು. ಅದನ್ನು ಒಬ್ಬರು ಹಿಡಿಯುತ್ತಾರೆ. ಅವರ ಮಣಿಕಟ್ಟನ್ನು ಇನ್ನೊಬ್ಬರು, ಅವರ ಮೊಳಕೈಯನ್ನು ಮತ್ತೊಬ್ಬರು ಹಿಡಿಯುತ್ತಾರೆ. ಹಿಂದಿನ ಸಾಲಿನವರು ಎರಡು ಭುಜಗಳ ಸಂದಿನಲ್ಲಿ ಮುಖ ಮಾತ್ರ ತೂರಿಸುತ್ತಾರೆ. ತಟ್ಟೆ ಹಿಡಿದ ಹುಡುಗಿಯನ್ನು ಯಾರೋ ಪಕ್ಕಕ್ಕೆ ಸರಿಸುತ್ತಾರೆ. ಫೋಟೊಗ್ರಾಫರ್ ಕುರ್ಚಿ ಹತ್ತಿ, ‘ಸಾರ್, ಇತ್ಲಾಗ್ ಒಸಿ ನೋಡಿ, ಕತ್ತರ್ಸ್‌ಬೇಡಿ, ಹಂಗೇ ಇಟ್ಕಳಿ’ ಎನ್ನುತ್ತಾನೆ. ಅಷ್ಟರಲ್ಲಿ ಕತ್ತರಿ ಕಚ್ಚಿ ಟೇಪು ತುಂಡಾಗಿ ಚಪ್ಪಾಳೆಯೂ ಬಿದ್ದಿರುತ್ತದೆ. ಗಾಬರಿ ಬೇಡ. ಎರಡು ತುದಿಗಳನ್ನು ತಂದು ಗಂಟು ಹಾಕಿ, ಮತ್ತೆ ಎಲ್ಲರೂ ಮೊದಲಿನಂತೆಯೇ ಕೈ ಹಿಡಿಯಿರಿ. ಕೋಟೆಯ ಯಾವುದೇ ಉದ್ಘಾಟನೆಯ ಫೋಟೊವನ್ನು ಹತ್ತಿರ ಹಿಡಿದು ನೋಡಿ, ಟೇಪಿನ ನಡುವೆ ಒಂದು ಗಂಟು ಕಂಡರೆ ಆ ಅಂಗಡಿ ಎರಡು ಸಲ ತೆರೆದದ್ದು ಎಂದು ತಿಳಿಯಬಹುದು.

ವರದಿಗಾರರಿಗೆ ತೊಂದರೆ ಕೊಡದೆ ಸುದ್ದಿಯನ್ನು ನೀವೇ ಬರೆದು ವಾಟ್ಸ್‌ಆ್ಯಪ್‌ಗೆ ಹಾಕಿ. ಕ್ರಿಯಾಪದಗಳನ್ನು ಹುದ್ದೆ ನೋಡಿ ಹಂಚಬೇಕು. ಶಾಸಕರು ಚಾಲನೆ ನೀಡುತ್ತಾರೆ. ಸ್ವಾಮೀಜಿ ಆಶೀರ್ವಚನ ನೀಡುತ್ತಾರೆ. ತಹಶೀಲ್ದಾರರು ಸೂಚನೆ ಕೊಡುತ್ತಾರೆ, ನಿವೃತ್ತ ಮುಖ್ಯ ಶಿಕ್ಷಕರು ಕಿವಿಮಾತು ಹೇಳುತ್ತಾರೆ, ಸೋತ ಅಭ್ಯರ್ಥಿ ವಿಷಾದಿಸುತ್ತಾರೆ. ಶಾಸಕರಿಗೆ ಕಿವಿಮಾತನ್ನೂ ಮುಖ್ಯ ಶಿಕ್ಷಕರಿಗೆ ಚಾಲನೆಯನ್ನೂ ಕೊಟ್ಟರೆ ಇಬ್ಬರಿಗೂ ಬೇಜಾರು. ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬುದನ್ನು ಬರೆಯದಿದ್ದರೂ ನಡೆಯುತ್ತದೆ; ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಕೊನೆಯ ಸಾಲು ಹೆಸರುಗಳ ಮೆರವಣಿಗೆ, ಅದರ ಬಾಲದಲ್ಲಿ ‘ಮತ್ತಿತರರು ಇದ್ದರು’. ಈ ಮತ್ತಿತರರ ಪೈಕಿ ಸಾಮಾನ್ಯವಾಗಿ ಅಂಗಡಿಗೆ ಸಾಲ ಕೊಟ್ಟವನು, ಶೆಲ್ಫ್ ಮಾಡಿದ ಬಡಗಿ, ಬೆಳಿಗ್ಗೆಯಿಂದ ಕುರ್ಚಿ ಹಾಕಿದ ಹುಡುಗರು ಮತ್ತು ನಿಮ್ಮ ಹೆಂಡತಿ ಇರುತ್ತಾರೆ.

ಎಚ್ಚರಿಕೆ: ಒಳಗಿನ ಯಂತ್ರ ಬೇರೆ

ಇಲ್ಲಿಯವರೆಗೆ ಹೇಳಿದ್ದು ಹೊರಮೈ. ಕೋಟೆಯ ವ್ಯಾಪಾರ ಓಡುವುದು ಟೇಪಿನಿಂದಲ್ಲ, ಹೊಗೆಸೊಪ್ಪಿನಿಂದ. ಅದಕ್ಕೇ ಬೈಕ್ ಶೋರೂಮು, ಚಿನ್ನದಂಗಡಿ, ಮದುವೆ ಬಟ್ಟೆಯ ಅಂಗಡಿ ಇಡುವವರು ಜೋಯಿಸರನ್ನು ಕೇಳುವ ಮೊದಲು ತಂಬಾಕು ಹರಾಜು ಯಾವಾಗ ಶುರು ಎಂದು ಕೇಳಿಕೊಳ್ಳಬೇಕು. ತಂಬಾಕು ಮಂಡಳಿಯ ಕೇಂದ್ರ ಕಚೇರಿ ಇರುವುದು ಗುಂಟೂರಿನಲ್ಲಿ. ಹಾಗಾಗಿ ನಮ್ಮ ಪೇಟೆಯ ಪಂಚಾಂಗವೂ ಅಲ್ಲಿಂದಲೇ ಬರುತ್ತದೆ ಎನ್ನಬೇಕು. ಮಂಡಳಿ ಹುಟ್ಟಿದ್ದು 1976ರಲ್ಲಿ, ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ಅದಕ್ಕೂ ಮೊದಲು ಸೊಪ್ಪಿನ ಬೆಲೆ ಕೊಳ್ಳುವವನ ಬಾಯಲ್ಲಿತ್ತು. ಈಗ ಕೊಳ್ಳುವವನ ಕೈಯ ಯಂತ್ರದಲ್ಲಿದೆ.

ಹರಾಜಿನ ಸುದ್ದಿಯನ್ನು ಓದುವ ಕ್ರಮ ಹೀಗೆ. ಮೊದಲ ದಿನ ಸೊಪ್ಪಿನ ಬೇಲ್‌ಗೆ ಹೂವಿನ ಹಾರ, ಕುಂಕುಮ, ತೆಂಗಿನಕಾಯಿ. ಮುಖಂಡರು, ಮಂಡಳಿಯ ಅಧಿಕಾರಿಗಳು, ಕಂಪನಿಯವರು ಸಾಲಾಗಿ ನಿಂತು ನಗುತ್ತಾರೆ. ಮಾರನೆಯ ದಿನದ ತಲೆಬರಹದಲ್ಲಿ ಗರಿಷ್ಠ ಬೆಲೆ ದಪ್ಪಕ್ಷರದಲ್ಲಿ ಬರುತ್ತದೆ. ಅದನ್ನು ಕತ್ತರಿಸಿಟ್ಟುಕೊಂಡು ಕಾಯಿರಿ. ಕೆಲ ವಾರ ಕಳೆದರೆ ಅದೇ ಪತ್ರಿಕೆಯ ಒಳಪುಟದಲ್ಲಿ ‘ದರ ಕುಸಿತ: ಹರಾಜು ತಡೆದು ಪ್ರತಿಭಟನೆ’ ಬರುತ್ತದೆ. ಎರಡರ ನಡುವೆ ನಡೆದದ್ದು ಪತ್ರಿಕೆಯಲ್ಲಿ ಸಿಗುವುದಿಲ್ಲ, ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ ಸಿಗುತ್ತದೆ.

‘ಪೇಪರಲ್ಲಿ ಒಳ್ಳೆ ರೇಟು ಅಂತ ಬಂದದಲ್ಲ ದೊಡ್ಡಪ್ಪ?’

‘ಅದು ಪೂಜೆ ಬೇಲಿನ ರೇಟು ಕಣ್ ಮಗ. ಅದ ನಂಬ್ಕಂಡು ಗಾಡಿಗೆ ಅಡ್ವಾನ್ಸ್ ಕೊಟ್‌ಬುಟ್ಟೀಯ.’

ಈ ಎರಡು ಸಾಲಿನಲ್ಲಿರುವಷ್ಟು ವಾಣಿಜ್ಯ ವಾರ್ತೆ ಯಾವ ಪುರವಣಿಯಲ್ಲೂ ಇಲ್ಲ. ಬ್ಯಾರನ್‌ನಲ್ಲಿ ಸೌದೆ ಉರಿಸಿ, ರಾತ್ರಿಯೆಲ್ಲ ಎದ್ದು ಶಾಖ ನೋಡಿ, ಎಲೆ ಹದ ಮಾಡಿ ವಿಂಗಡಿಸಿ ಕಟ್ಟಿದ ಬೇಲ್ ಮೇಲೆ ‘ನೋ ಬಿಡ್’ ಬಿದ್ದರೆ ಅದು ಅಂದು ಮಾರಾಟವಾಗದೆ ಉಳಿಯಿತು ಎಂದರ್ಥ. ಪೇಟೆಯಲ್ಲಿ ಅಂದು ಸಂಜೆ ಚಿನ್ನದಂಗಡಿ ಬಣಗುಡುತ್ತದೆ, ಕಿರಾಣಿ ಅಂಗಡಿಯವನು ಸಾಲದ ಪುಸ್ತಕದಲ್ಲಿ ಇನ್ನೊಂದು ಹಾಳೆ ತಿರುವುತ್ತಾನೆ. ಯಾರೂ ಟೇಪು ಕಟ್ಟುವುದಿಲ್ಲ.

ಶುಂಠಿಗೆ ಹರಾಜು ಕಟ್ಟೆಯಿಲ್ಲ, ಫೋನ್ ಇದೆ. ಕೇರಳದಿಂದ ಬಂದವರು ನಮ್ಮ ಹೊಲಗಳನ್ನು ಗುತ್ತಿಗೆಗೆ ಹಿಡಿದು ಬೆಳೆದ ಬೆಳೆ ಇದು. ಈಗ ನಮ್ಮವರಿಗೂ ಅದರ ಹುಚ್ಚು ಹಿಡಿದಿದೆ. ಬೆಲೆ ಹೇಳುವುದು 60 ಕಿಲೊ ಮೂಟೆಗೆ. 2023ರಲ್ಲಿ ಆ ಬೆಲೆ ಏರಿದಾಗ ಹೊಲದಲ್ಲಿ ರಾತ್ರಿ ಕಾವಲು ಕೂರುವಂತಾಯಿತು. ಕಾವಲು ಆನೆಗಲ್ಲ, ಕಳ್ಳರಿಗೆ. ಮೈಸೂರು ಜಿಲ್ಲೆಯಲ್ಲಿ ಶುಂಠಿ ಕಳವಿನ ದೂರುಗಳು ಠಾಣೆ ಹತ್ತಿದ್ದು ಆಗಲೇ. ಬೆಲೆ ಬಿದ್ದ ವರ್ಷ ಅದೇ ಗೆಡ್ಡೆ ಕೀಳಿಸುವ ಕೂಲಿಯೂ ಹುಟ್ಟದೆ ಮಣ್ಣಲ್ಲೇ ಉಳಿಯುತ್ತದೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಡುವವರು ಇದನ್ನು ಗಮನಿಸಿ.

ಇನ್ನು ಕಾಡಿನ ಲೆಕ್ಕ. ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿದ್ದ ಕಾಲದಲ್ಲಿ ಗಣ್ಯರನ್ನು ಕೂರಿಸಿ ಆನೆ ಹಿಡಿಯುವುದೇ ತಾಲ್ಲೂಕಿನ ದೊಡ್ಡ ಸಮಾರಂಭ; 1971ರಲ್ಲಿ ಅದು ಕೊನೆಗೊಂಡಿತು. ಈಗ ಸಫಾರಿ. ಜೀಪು ಚಾಲಕ, ಅಡುಗೆಯವನು, ಬಟ್ಟೆ ಒಗೆಯುವವಳು, ತರಕಾರಿ ಕೊಡುವವನು ಎಲ್ಲರ ತಿಂಗಳ ಸಂಪಾದನೆ ಅದರ ಮೇಲಿದೆ. ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಜೀವ ಕಳೆದುಕೊಂಡ ಮೇಲೆ 2025ರ ನವೆಂಬರ್‌ನಲ್ಲಿ ನಾಗರಹೊಳೆ, ಬಂಡೀಪುರಗಳ ಸಫಾರಿ ನಿಲ್ಲಿಸಲಾಯಿತು. ಹುಲಿ ನೋಡಿಸಿ ಬದುಕುವವರೂ ಹುಲಿಗೆ ಹೆದರಿ ಬದುಕುವವರೂ ಒಂದೇ ಬಸ್ಸಿನಲ್ಲಿ ಕೋಟೆಗೆ ಬರುತ್ತಾರೆ. ಈ ವಿಷಯದಲ್ಲಿ ಕೈಪಿಡಿಗೆ ತಮಾಷೆ ತೋಚುವುದಿಲ್ಲ.

ಗಿರಿಜನರ ಹಾಡಿಗಳ ಬಗ್ಗೆ ಸುದ್ದಿ ಮಾಡಲು ಎರಡೇ ಅಚ್ಚುಗಳಿವೆ: ಆಗಸ್ಟ್ 9ರ ಆದಿವಾಸಿ ದಿನದ ಮೆರವಣಿಗೆಯಲ್ಲಿ ಕುಣಿತ, ಉಳಿದ ದಿನ ‘ಮೂಲಸೌಕರ್ಯ ಮರೀಚಿಕೆ’. ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘ ಜೇನಿಗೆ ಈ ಸಲ ಏನು ಬೆಲೆ ಕೊಟ್ಟಿತು, ಮರ ಹತ್ತಿದ ಜೇನುಕುರುಬನ ಕೈಗೆ ಎಷ್ಟು ಬಂತು ಎಂಬ ಅಚ್ಚು ಇನ್ನೂ ಎರಕವಾಗಿಲ್ಲ. ವ್ಯಾಪಾರದ ಸುದ್ದಿ ಎಂದರೆ ಅದೂ ಅಲ್ಲವೇ ಎಂದು ವರದಿಗಾರರನ್ನು ಕೇಳಿ ನೋಡಬಹುದು. ‘ಫೋಟೊ ಇದ್ಯಾ ಸಾರ್?’ ಎನ್ನುತ್ತಾರೆ.

ದೋಷ ನಿವಾರಣೆ

ಅತಿಥಿ ಎರಡು ಗಂಟೆ ತಡವಾದರೆ: ನಾಡಗೀತೆಯ ನಂತರ ರೈತಗೀತೆ, ಅದರ ನಂತರ ಭಾವಗೀತೆ. ಉಪ್ಪಿಟ್ಟನ್ನು ಮಾತ್ರ ಮೊದಲೇ ಬಡಿಸಬೇಡಿ, ಸಭೆ ಖಾಲಿಯಾಗುತ್ತದೆ.

ಸುದ್ದಿಯಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ: ಸರಿಪಡಿಸುವ ಉಪಾಯವಿಲ್ಲ. ಅವರು ಆರು ತಿಂಗಳು ನಿಮ್ಮ ಅಂಗಡಿಯ ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಾರೆ. ದಸರಾ ವೇಳೆಗೆ ಆಯುಧಪೂಜೆಗೆ ಕರೆದು ಮೊದಲ ಮಂಗಳಾರತಿ ಕೊಡಿ.

ಮುಖ್ಯ ಅತಿಥಿ ಮಾನಂದವಾಡಿಯ ಶುಂಠಿ ವ್ಯಾಪಾರಿಯಾಗಿದ್ದರೆ: ಗಡಿಯಾರ ನೋಡಿಕೊಳ್ಳಿ. ಅಲ್ಲಿಗೆ ಹೋಗುವ ಕಾಡಿನ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಬಾವಲಿ ಗೇಟಿನವರಿಗೆ ನಿಮ್ಮ ಕಾರ್ಯಕ್ರಮದ ಪಟ್ಟಿ ಬೇಕಾಗಿಲ್ಲ. ಅಂತರಸಂತೆ, ದಮ್ಮನಕಟ್ಟೆ ದಾಟಿ, ನಡುವೆ ಆನೆ ಅಡ್ಡ ನಿಂತರೆ ಅದು ಸರಿಯುವವರೆಗೆ ಕಾಯುವಷ್ಟು ಹೊತ್ತು ಅವರ ಕೈಯಲ್ಲಿರಬೇಕು. ಅಧ್ಯಕ್ಷೀಯ ಭಾಷಣ ಎಲ್ಲಿಗೇ ಬಂದಿರಲಿ, 4 ಗಂಟೆಗೆಲ್ಲ ಅವರನ್ನು ವೇದಿಕೆಯಿಂದ ಇಳಿಸಿ. ಶಾಲು, ಪೇಟ, ಹಣ್ಣಿನ ಬುಟ್ಟಿಯನ್ನು ಕಾರಿನ ಕಿಟಕಿಯಲ್ಲೇ ಕೊಡಬಹುದು. ಫೋಟೊಗ್ರಾಫರನನ್ನು ಮಾತ್ರ ಮೊದಲೇ ಆಚೆ ಬದಿಗೆ ನಿಲ್ಲಿಸಿರಿ.