ಲಘುಫೋಮ್ ವಿಮಾನ ಮೀಮಾಂಸೆ: ಸೂತ್ರ, ಭಾಷ್ಯ, ಆಕ್ಷೇಪ, ಸಮಾಧಾನಗಳೊಡನೆ

ಅವತರಣಿಕೆ

ಶಾಸ್ತ್ರಗ್ರಂಥ ಬರೆಯ ಹೊರಟವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಏನು, ಓದಲು ಅಧಿಕಾರಿ ಯಾರು, ಪ್ರಯೋಜನ ಏನು, ಇವುಗಳೊಳಗಿನ ಸಂಬಂಧ ಏನು. ವಿಷಯ: ಫೋಮ್ ಹಾಳೆಯನ್ನು ಕತ್ತರಿಸಿ, ಮಡಚಿ, ಅಂಟಿಸಿ, ರೇಡಿಯೊ ರಿಮೋಟಿನಿಂದ ಹಾರಿಸುವ, ಒಂದು ಕಿಲೋ ಮೀರದ ವಿಮಾನ. ಅಧಿಕಾರಿ: ಊಟದ ಮೇಜನ್ನು ವರ್ಕ್‌ಶಾಪ್ ಎಂದು ಘೋಷಿಸಿಯೂ ಮನೆಯಲ್ಲಿ ಉಳಿದುಕೊಂಡಿರುವವನು, ಗ್ಲೂ ಗನ್ನಿನಿಂದ ಬೆರಳು ಸುಟ್ಟುಕೊಂಡು ಅದನ್ನು ಯಾರಿಗೂ ಹೇಳದವನು. ಪ್ರಯೋಜನ: ಇಲ್ಲ. ಇದನ್ನು ಮೊದಲೇ ಒಪ್ಪಿಬಿಟ್ಟರೆ ಮನೆಯವರೊಡನೆ ನಡೆಯಬೇಕಾದ ವಾದ ಅರ್ಧಕ್ಕೇ ಮುಗಿಯುತ್ತದೆ. ಸಂಬಂಧ: ಗ್ರಂಥ ಓದುವುದಕ್ಕೂ ವಿಮಾನ ಹಾರುವುದಕ್ಕೂ ಯಾವ ಸಂಬಂಧವೂ ಈವರೆಗೆ ಕಂಡುಬಂದಿಲ್ಲ.

ಸೂತ್ರಗಳನ್ನೂ ಭಾಷ್ಯವನ್ನೂ ಒಬ್ಬನೇ ಬರೆದಿದ್ದೇನೆ. ಸೂತ್ರಕಾರನ ಮನಸ್ಸಿನಲ್ಲಿ ಏನಿತ್ತೆಂದು ಭಾಷ್ಯಕಾರರು ಶತಮಾನಗಟ್ಟಲೆ ಕಿತ್ತಾಡುವ ಪ್ರಮೇಯ ಇದರಿಂದ ತಪ್ಪಿತು. ಏನೂ ಇರಲಿಲ್ಲವೆಂದು ಭಾಷ್ಯಕಾರ ಖಚಿತವಾಗಿ ಬಲ್ಲ.

ಪರಂಪರಾ ಪ್ರಕರಣ

ಸೂತ್ರ 1: ಮೊದಲು ದೋಣಿ, ಆಮೇಲೆ ವಿಮಾನ.

ಭಾಷ್ಯ: 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ಪುಟ್ಟ ದೋಣಿಯೊಂದನ್ನು ರೇಡಿಯೊ ಅಲೆಯಿಂದ ನಡೆಸಿ ತೋರಿಸಿದ. ವಿಮಾನವನ್ನೇ ಯಾಕೆ ಹಾರಿಸಲಿಲ್ಲ? ರೈಟ್ ಸಹೋದರರು ನೆಲ ಬಿಡಲು ಇನ್ನೂ 5 ವರ್ಷ ಬಾಕಿ ಇತ್ತು ಎಂಬುದು ಸಾಮಾನ್ಯರ ಉತ್ತರ. ರೇಡಿಯೊ ಕೈಕೊಟ್ಟರೂ ದೋಣಿ ನೀರಿನ ಮೇಲೇ ಇರುತ್ತದೆ ಎಂಬುದು ಮರ್ಮಜ್ಞರ ಉತ್ತರ. ಟೆಸ್ಲಾ ಮೇಧಾವಿ ಎನ್ನಲು ಬೇರೆ ಸಾಕ್ಷಿ ಬೇಡ.

ಆ ವಿವೇಕವನ್ನು ಬದಿಗಿಟ್ಟವರು ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. 1937ರಲ್ಲಿ ಅವರು 8 ಅಡಿ ರೆಕ್ಕೆಯ ‘ಬಿಗ್ ಗಫ್’ ಮಾದರಿಯನ್ನು ರೇಡಿಯೊ ಮೂಲಕ ಹಾರಿಸಿದರು. ಆ ವಿಮಾನ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಆಸ್ತಿ. ಸಂಗ್ರಹಾಲಯ ಸೇರಿದ ಮೇಲೆ ಮರಕ್ಕೆ ಸಿಕ್ಕಿಕೊಳ್ಳುವ ಭಯವಿಲ್ಲ. ಮಾದರಿ ವಿಮಾನದ ಪಾಲಿಗೆ ಇದಕ್ಕಿಂತ ದೊಡ್ಡ ಮೋಕ್ಷವಿಲ್ಲ.

ಕನ್ನಡ ನಾಡಿನ ಕೊಡುಗೆಯನ್ನು ಮರೆಯುವಂತಿಲ್ಲ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಮೊದಲ ದಶಕಗಳಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅದರ ಚಿತ್ರಗಳನ್ನೂ ಲೆಕ್ಕಗಳನ್ನೂ ಪರಿಶೀಲಿಸಿ, ಈ ವಿಮಾನಗಳು ಹಾರಲಾರವು ಎಂದು ತೀರ್ಪಿತ್ತರು. ನಮ್ಮ ಫೋಮ್ ವಿಮಾನಗಳು ಹಾರುತ್ತವೆ, ಆದರೆ ಇಳಿಯಲಾರವು. ಎರಡು ಶಾಸ್ತ್ರಗಳನ್ನೂ ಸೇರಿಸಿ ಓದಿದರೆ ವಿಷಯ ಸಂಪೂರ್ಣವಾಗುತ್ತದೆ.

ದ್ರವ್ಯ ಪ್ರಕರಣ

ಸೂತ್ರ 2: ಹುಟ್ಟುಗುಣ ಹಾರಿಸಿದರೂ ಹೋಗದು.

ಭಾಷ್ಯ: ಫೋಮ್ ಮುಖ್ಯವಾಗಿ ಮೂರು ಕುಲ. ಮೊದಲನೆಯದು ಡೆಪ್ರಾನ್. ಯುರೋಪಿನಲ್ಲಿ ಮರದ ನೆಲಹಾಸಿನ ಅಡಿಯಲ್ಲಿ ಹಾಸಲೆಂದು ತಯಾರಾದ ಹಾಳೆ ಇದು. 3 ಮತ್ತು 6 ಮಿ.ಮೀ. ದಪ್ಪದಲ್ಲಿ ಬರುತ್ತದೆ. 6 ಮಿ.ಮೀ.ನದು ಚದರ ಮೀಟರಿಗೆ ಸುಮಾರು 200 ಗ್ರಾಂ ತೂಗುತ್ತದೆ. ನೆಲದ ಸೇವೆಗೆಂದು ಹುಟ್ಟಿದ ವಸ್ತುವಾದ್ದರಿಂದ ಎಷ್ಟೇ ಎತ್ತರಕ್ಕೆ ಒಯ್ದರೂ ಪೂರ್ವವಾಸನೆ ಎಳೆಯುತ್ತದೆ. ಅದು ನೆಲಕ್ಕೇ ಮರಳುತ್ತದೆ. ಎರಡನೆಯದು ಇಪಿಪಿ. ಕಾರಿನ ಬಂಪರಿನೊಳಗೆ ತುಂಬುವ ರಬ್ಬರಿನಂಥ ಫೋಮ್. ಗುದ್ದಿಸಿಕೊಳ್ಳುವುದೇ ಇದರ ಕುಲವೃತ್ತಿ, ಆದ್ದರಿಂದ ಕಲಿಯುವವನ ಕೈಯಲ್ಲಿ ಇದು ಅತ್ಯಂತ ತೃಪ್ತ ಜೀವನ ನಡೆಸುತ್ತದೆ. ಮೂರನೆಯದು ನಮ್ಮ ಥರ್ಮಾಕೋಲ್. ಫ್ರಿಜ್ಜಿನ ಪೆಟ್ಟಿಗೆಯಿಂದಲೂ ಗಣೇಶನ ಮಂಟಪದಿಂದಲೂ ಸಿಗುತ್ತದೆ. ಗಣೇಶನ ಬಳಗದ್ದಾದ್ದರಿಂದ ಕೊನೆಗೆ ಕೆರೆಯಲ್ಲೇ ವಿಸರ್ಜನೆಯಾಗುವ ಪ್ರವೃತ್ತಿ ಇದಕ್ಕುಂಟು.

ಇನ್ನು ಬಂಧನ. ಕ್ಷಣದಲ್ಲಿ ಅಂಟುವ ಸಯನೋಆಕ್ರಿಲೇಟ್ ಅಂಟನ್ನು ಥರ್ಮಾಕೋಲ್ ಅಥವಾ ಡೆಪ್ರಾನ್ ಮೇಲೆ ಬಿಟ್ಟರೆ ಅದು ಅಂಟಿಸುವುದಿಲ್ಲ, ತಿನ್ನುತ್ತದೆ. ಎರಡು ತುಂಡಿದ್ದ ಜಾಗದಲ್ಲಿ ಒಂದು ತೂತು ಉಳಿಯುತ್ತದೆ. ಇದನ್ನು ವೇದಾಂತಿಗಳು ಅದ್ವೈತವೆನ್ನಬಹುದು, ನಾವು ಎನ್ನುವುದಿಲ್ಲ. ಇವೆರಡಕ್ಕೆ ಫೋಮ್‌ಸೇಫ್ ಅಂಟು, ಎಪಾಕ್ಸಿ ಅಥವಾ ಹದವಾಗಿ ಕಾದ ಗ್ಲೂ ಗನ್ ಮಾತ್ರ ವಿಹಿತ. ಇಪಿಪಿಗೆ ಈ ಪಥ್ಯವಿಲ್ಲ.

ಶಿಲ್ಪಕರ್ಮದ ಒಂದು ಮಾದರಿಯನ್ನಷ್ಟೇ ಹೇಳುತ್ತೇನೆ. ವಿಮಾನವನ್ನು ಪಕ್ಕಕ್ಕೆ ವಾಲಿಸುವ ಪಟ್ಟಿಯಾದ ಏಲೆರಾನ್ ಮಾಡಲು ರೆಕ್ಕೆಯ ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಹೊಸ ಬ್ಲೇಡಿನಿಂದ ಗೀರಬೇಕು. ಕೆಳಮೈಯ ತೆಳು ಪೊರೆಯಷ್ಟನ್ನು ಕತ್ತರಿಸದೆ ಉಳಿಸಬೇಕು. ಕೆಳಕ್ಕೆ ಬಾಗಿಸಿ, ತೆರೆದುಕೊಂಡ ಅಂಚನ್ನು 45 ಡಿಗ್ರಿ ಓರೆಯಾಗಿ ಕೊರೆಯಬೇಕು. ಉಳಿದ ಪೊರೆಯ ಮೇಲೆ ಟೇಪ್ ಎಳೆದರೆ ಕೀಲು ಸಿದ್ಧ. ಬ್ಲೇಡ್ ಹಳತಾಗಿದ್ದರೆ ಫೋಮ್ ಕತ್ತರಿಸುವುದಿಲ್ಲ, ಕಿತ್ತುಬರುತ್ತದೆ. ಬಿಳಿ ಮಣಿಗಳು ಕೈಗೆ, ಕೈಯಿಂದ ಬೆಕ್ಕಿಗೆ, ಬೆಕ್ಕಿನಿಂದ ಸೋಫಾಕ್ಕೆ ಹೋಗಿ ಅಲ್ಲಿ ಶಾಶ್ವತವಾಗಿ ನೆಲೆಸುತ್ತವೆ.

ರೆಕ್ಕೆಯ ಆಕಾರದ ಬಗ್ಗೆ ಶಾಖಾಭೇದವಿದೆ. ಫೋಮ್ ಸಂಪ್ರದಾಯದವರಿಗೆ ಪ್ರಿಯವಾದದ್ದು ಕ್ಲೈನ್–ಫೋಗಲ್‌ಮನ್ ಮತ. ರಿಚರ್ಡ್ ಕ್ಲೈನ್ ಮಡಚಿದ ಕಾಗದದ ವಿಮಾನವೊಂದರಿಂದ ಹುಟ್ಟಿ, ಫ್ಲಾಯ್ಡ್ ಫೋಗಲ್‌ಮನ್ ಕೈಜೋಡಿಸಿ, 1972ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಮೆಟ್ಟಿಲು ರೆಕ್ಕೆ ಅದು. ನುಣುಪಾದ ಬಾಗಿನ ಬದಲು ರೆಕ್ಕೆಯ ನಡುವೆ ಒಂದು ಮೆಟ್ಟಿಲು ಇರುತ್ತದೆ. ದೊಡ್ಡ ವಿಮಾನಗಳು ಇದನ್ನು ಮೂಸಿಯೂ ನೋಡಲಿಲ್ಲ. ನಮಗೆ ಮಾತ್ರ ವರವಾಯಿತು: ಹಾಳೆಯ ಮೇಲೊಂದು ಅರ್ಧ ಹಾಳೆ ಅಂಟಿಸಿದರೆ ಮುಗಿಯಿತು. ಸೋಮಾರಿತನಕ್ಕೆ ಪೇಟೆಂಟ್ ಸಂಖ್ಯೆಯ ಬೆಂಬಲ ಸಿಕ್ಕ ಉದಾಹರಣೆ ಇತಿಹಾಸದಲ್ಲಿ ವಿರಳ.

ಭಾರ ಪ್ರಕರಣ

ಸೂತ್ರ 3: ತೂಕ ಅರ್ಧ, ಪೆಟ್ಟು ಕಾಲು.

ಭಾಷ್ಯ: ಇದೇ ಈ ಶಾಸ್ತ್ರದ ಮಹಾವಾಕ್ಯ. ಒಂದೇ ಅಳತೆಯ ರೆಕ್ಕೆಯುಳ್ಳ ಎರಡು ವಿಮಾನಗಳಿರಲಿ. ಒಂದು 800 ಗ್ರಾಂ, ಇನ್ನೊಂದು 400 ಗ್ರಾಂ. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ತೂಕದ ವರ್ಗಮೂಲವನ್ನು ಹಿಂಬಾಲಿಸುತ್ತದೆ. ಆದ್ದರಿಂದ ಹಗುರವಾದದ್ದು ಶೇ 30ರಷ್ಟು ನಿಧಾನವಾಗಿ ಹಾರಬಲ್ಲದು. ನೆಲಕ್ಕೆ ಬಡಿಯುವಾಗ ಲೆಕ್ಕಕ್ಕೆ ಬರುವುದು ವೇಗವಲ್ಲ, ವೇಗದ ವರ್ಗ. ತೂಕವೂ ಅರ್ಧ, ವೇಗದ ವರ್ಗವೂ ಅರ್ಧ, ಗುಣಿಸಿದರೆ ಕಾಲು. ಹಗುರ ವಿಮಾನ ಕಡಿಮೆ ಬೀಳುತ್ತದೆಂದು ಯಾರೂ ಹೇಳಿಲ್ಲ. ಬಿದ್ದ ಮೇಲೆ ಎದ್ದು ಬರುತ್ತದೆ, ಅಷ್ಟೆ. ಲಾಘವವೇ ಕ್ಷಮೆ.

ಆಕ್ಷೇಪ: ಹಾಗಿದ್ದರೆ ಫೋಮ್ ಇನ್ನೂ ಕಡಿಮೆ ಬಳಸಬಾರದೇ?

ಸಮಾಧಾನ: ತೂಕ ಫೋಮಿನಲ್ಲಿಲ್ಲ, ಫೋಮಿನ ಹೊಟ್ಟೆಯಲ್ಲಿದೆ. ಮೋಟಾರ್ 50 ಗ್ರಾಂ. ಮೂರು ಸೆಲ್‌ಗಳ ಬ್ಯಾಟರಿ 110 ಗ್ರಾಂ ಆಸುಪಾಸು. ವೇಗ ನಿಯಂತ್ರಕ 25. ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸುವ 9 ಗ್ರಾಮಿನ ಸರ್ವೋ ನಾಲ್ಕು. ಇಷ್ಟು ಹೊತ್ತ ಮೇಲೆ ಹಾಳೆಯ 100 ಗ್ರಾಂ ಮೇಲೆ ಕಣ್ಣು ಹಾಕುವುದು, ಬಾಡೂಟ ಮುಗಿಸಿ ಕಾಫಿಗೆ ಸಕ್ಕರೆ ಬೇಡವೆಂದಂತೆ.

ಸೂತ್ರ 4: ಮೂಗುಭಾರ ಕಷ್ಟ, ಬಾಲಭಾರ ನಷ್ಟ.

ಭಾಷ್ಯ: ಸಾಮಾನ್ಯ ವಿಮಾನದ ಗುರುತ್ವಕೇಂದ್ರ ರೆಕ್ಕೆಯ ಅಗಲದ ಶೇ 25ರಿಂದ 30ರ ಒಳಗಿರಬೇಕು. 20 ಸೆಂ.ಮೀ. ಅಗಲದ ರೆಕ್ಕೆಗೆ ಮುಂದಿನ ಅಂಚಿನಿಂದ 5ರಿಂದ 6 ಸೆಂ.ಮೀ. ಅಲ್ಲಿ ಎರಡು ಬೆರಳಿಟ್ಟು ಎತ್ತಿದಾಗ ಮೂಗು ತುಸು ಬಾಗಿದರೆ ಶುಭ. ಮೂಗುಭಾರದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲಭಾರದ್ದು ಒಂದೇ ಸಲ ಹಾರುತ್ತದೆ ಎಂಬುದು ಮೈದಾನದ ಹಿರಿಯರ ಮಾತು. ಬಾಲಭಾರಕ್ಕೆ ಬ್ಯಾಟರಿಯನ್ನು ಮುಂದೆ ಸರಿಸುವುದು ಉತ್ತಮ ಪ್ರಾಯಶ್ಚಿತ್ತ. ಮೂಗಿಗೆ ಹಳೆಯ ದಪ್ಪ ಐದು ರೂಪಾಯಿ ನಾಣ್ಯ ಅಂಟಿಸುವುದು ಮಧ್ಯಮ: ಅದೂ 9 ಗ್ರಾಂ, ಸರ್ವೋಗೆ ಸಮ. ಹೇಗೂ ಸರಿಹೋಗುತ್ತೆ ಬಿಡಿ ಎಂದು ಎಸೆಯುವುದು ಅಧಮ, ಆದರೆ ಬಹುಜನಸಮ್ಮತ.

ಯಂತ್ರ ಪ್ರಕರಣ

ಸೂತ್ರ 5: ಹೊಗೆಯಿದ್ದಲ್ಲಿ ಬೆಂಕಿ.

ಭಾಷ್ಯ: ತರ್ಕಶಾಸ್ತ್ರದವರು ಇದಕ್ಕೆ ದೂರದ ಬೆಟ್ಟವನ್ನು ತೋರಿಸುತ್ತಿದ್ದರು. ಈಗ ಬೆಟ್ಟ ಬೇಕಿಲ್ಲ, ಉಬ್ಬಿದ ಲಿಪೊ ಬ್ಯಾಟರಿ ಸಾಕು. ಇದರ ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗೆ ಇಳಿಸಿದರೆ ಮುನಿಸಿಕೊಳ್ಳುತ್ತದೆ, ಚುಚ್ಚಿದರೆ ಉರಿಯುತ್ತದೆ, ಮಿತಿಮೀರಿ ಚಾರ್ಜ್ ಮಾಡಿದರೂ ಉರಿಯುತ್ತದೆ. ದೂರ್ವಾಸ ಗೋತ್ರದ್ದಿರಬೇಕು. ಮೋಟಾರ್ ಇದಕ್ಕಿಂತ ಸಾಧು: ತಿರುಗುವ ದಿಕ್ಕು ತಪ್ಪಿದ್ದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ತೆಪ್ಪಗೆ ಉಲ್ಟಾ ತಿರುಗುತ್ತದೆ. ಇಷ್ಟು ಸುಲಭವಾಗಿ ಮನಸ್ಸು ಬದಲಿಸುವ ವಸ್ತು ರಾಜಕೀಯದ ಹೊರಗೆ ಇದೊಂದೇ.

ದಿಕ್ ಪ್ರಕರಣ

ಸೂತ್ರ 6: ಹೋಗುವಾಗ ಎಡವಾದದ್ದು ಬರುವಾಗ ಬಲ.

ಭಾಷ್ಯ: ವಿಮಾನ ನಮ್ಮಿಂದ ದೂರ ಹೋಗುವಾಗ ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಎಡಕ್ಕೇ ತಿರುಗುತ್ತದೆ. ನಮ್ಮತ್ತ ಬರುವಾಗ ನೋಡುವವನಿಗೆ ಎಲ್ಲವೂ ತಿರುಗುಮುರುಗು. ವಿಮಾನ ಬದಲಾಗಿಲ್ಲ, ನೋಡುವವನ ದೃಷ್ಟಿಯಷ್ಟೇ ಬದಲಾಗಿದೆ ಎಂಬ ಸತ್ಯವನ್ನು ತತ್ತ್ವಜ್ಞಾನಿಗಳು ಜೀವಮಾನವಿಡೀ ಧ್ಯಾನಿಸುತ್ತಾರೆ. ನಮಗೆ ಅರ್ಧ ಸೆಕೆಂಡ್ ಸಿಗುತ್ತದೆ. ಗುರುಮುಖೇನ ಬಂದ ಉಪಾಯವೊಂದಿದೆ: ಎದುರು ಬರುವ ವಿಮಾನದ ಯಾವ ರೆಕ್ಕೆ ಕೆಳಗೆ ವಾಲಿದೆಯೋ ಆ ಕಡೆಗೇ ಕಡ್ಡಿ ತಳ್ಳಬೇಕು, ಬೀಳುವವನಿಗೆ ಊರುಗೋಲು ಕೊಟ್ಟ ಹಾಗೆ. ಉಪಾಯ ಎಂದೂ ತಪ್ಪುವುದಿಲ್ಲ. ನೆನಪಾಗುವುದು ಮಾತ್ರ ವಿಮಾನದ ತುಂಡುಗಳನ್ನು ಆರಿಸುವಾಗ.

ದೇಶ ಪ್ರಕರಣ

ಸೂತ್ರ 7: ವಿಮಾನಗಳ ಊರಲ್ಲಿ ವಿಮಾನಕ್ಕೆ ಜಾಗವಿಲ್ಲ.

ಭಾಷ್ಯ: 1940ರಿಂದ ವಿಮಾನ ಕಾರ್ಖಾನೆ ಇರುವ, 1996ರಿಂದ ಏರೋ ಇಂಡಿಯಾ ನಡೆಯುವ ಬೆಂಗಳೂರಿನಲ್ಲಿ ಭೂಪಟ ಬಿಚ್ಚಿ ನೋಡಿ. ಪೂರ್ವಕ್ಕೆ ಎಚ್‌ಎಎಲ್, ಉತ್ತರಕ್ಕೆ ಜಕ್ಕೂರು, ಅದರಾಚೆ ಯಲಹಂಕ, ಅದಕ್ಕೂ ಆಚೆ ದೇವನಹಳ್ಳಿ. ಒಂದೊಂದು ರನ್‌ವೇ ಸುತ್ತಲೂ ಹಾರಾಟಕ್ಕೆ ತಡೆಯೊಡ್ಡುವ ಕೆಂಪು, ಹಳದಿ ವಲಯಗಳು. ಸಾಧಕ ಹಸಿರು ವಲಯ ಹುಡುಕುತ್ತ ಹೋಗಿ ಹೋಗಿ ಕೊನೆಗೆ ಕೊಯ್ಲಾದ ರಾಗಿ ಹೊಲದಲ್ಲೋ ಒಣಗಿದ ಕೆರೆಯಂಗಳದಲ್ಲೋ ನಿಲ್ಲುತ್ತಾನೆ. ಅಲ್ಲಿ 400 ಅಡಿಯವರೆಗೆ ಆಕಾಶ ಅವನದು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನವನ್ನು 25 ಕಿಲೋ ಮೀರದ, ಕಲಿಕೆ, ಸಂಶೋಧನೆ, ವಿನೋದಕ್ಕೆಂದು ಕಣ್ಣಳತೆಯಲ್ಲೇ ಹಾರಿಸುವಂಥದ್ದು ಎಂದು ಗುರುತಿಸುತ್ತವೆ. 400 ಗ್ರಾಮಿನ ಥರ್ಮಾಕೋಲ್ ಹಿಡಿದವನಿಗೆ 25 ಕಿಲೋ ಅವಕಾಶ ಕೊಟ್ಟ ಸರ್ಕಾರದ ಔದಾರ್ಯವನ್ನು ಇಲ್ಲಿ ಸ್ಮರಿಸಬೇಕು.

ಕಾಲ: ಸೂರ್ಯೋದಯದ ನಂತರದ ಒಂದು ಗಂಟೆ. ಆಷಾಢ ನಿಷಿದ್ಧ. ಆ ಗಾಳಿ ಗಾಳಿಪಟಕ್ಕೆ ಮೀಸಲು, ಗಾಳಿಪಟಕ್ಕೆ ದಾರವಾದರೂ ಇದೆ.

ಪೂರ್ವಪಕ್ಷ ಪ್ರಕರಣ

ಮೈದಾನದಲ್ಲಿ ವಿಮಾನ ಹೊರತೆಗೆದ ಎರಡೇ ನಿಮಿಷಕ್ಕೆ ಬೈಕ್ ನಿಲ್ಲಿಸಿ ಪೂರ್ವಪಕ್ಷಿ ಬರುತ್ತಾನೆ. ಅವನ ಪ್ರಶ್ನೆಗಳು ಬೀದರಿನಿಂದ ಚಾಮರಾಜನಗರದವರೆಗೆ ಒಂದೇ.

“ಡ್ರೋನಾ ಸಾರ್?” ಅಲ್ಲ. “ಕ್ಯಾಮೆರಾ ಇದ್ಯಾ?” ಇಲ್ಲ. “ಎಷ್ಟು ದೂರ ಹೋಗುತ್ತೆ?” ಕಣ್ಣಿಗೆ ಕಾಣುವಷ್ಟು. “ಎಷ್ಟಾಯ್ತು?” ಇಲ್ಲಿ ಸಿದ್ಧಾಂತಿ ನಿಜ ಹೇಳುವಂತಿಲ್ಲ, ಹಿಂದೆ ಮನೆಯವರು ನಿಂತಿರಬಹುದು. ಕೊನೆಯ ಪ್ರಶ್ನೆ ಬ್ರಹ್ಮಾಸ್ತ್ರ: “ಇದರಿಂದ ಏನುಪಯೋಗ?” ಉತ್ತರ ಅವತರಣಿಕೆಯಲ್ಲಿದೆ. ಹೇಳಿದರೆ ಪೂರ್ವಪಕ್ಷಿ ಮರುಕದಿಂದ ನೋಡಿ, ಹೋಗದೆ ಅಲ್ಲೇ ನಿಲ್ಲುತ್ತಾನೆ. ಬೀಳುವುದನ್ನು ನೋಡಿಕೊಂಡೇ ಹೋಗುವ ಹಕ್ಕು ಅವನಿಗಿದೆ.

ಪತನ ಪ್ರಕರಣ

ಸೂತ್ರ 8: ಬಿದ್ದದ್ದಕ್ಕೆ ಕಾರಣ ಹಾರಿಸಿದವನಲ್ಲ.

ಭಾಷ್ಯ: ಇದನ್ನು ಸಾಧಿಸಲು ನ್ಯಾಯಶಾಸ್ತ್ರದ ಪ್ರಮಾಣಗಳನ್ನು ಹೀಗೆ ಬಳಸಬೇಕು. ಪ್ರತ್ಯಕ್ಷ: ಅವನು ಕಡ್ಡಿಯನ್ನು ಉಲ್ಟಾ ಎಳೆದದ್ದನ್ನು ಎಲ್ಲರೂ ನೋಡಿದ್ದಾರೆ, ಆದ್ದರಿಂದ ಇದು ಅಗ್ರಾಹ್ಯ. ಅನುಮಾನ: “ಸಿಗ್ನಲ್ ಕಟ್ಟಾಗಿರಬೇಕು.” ಉಪಮಾನ: “ಮೊನ್ನೆ ಅವರದ್ದೂ ಹಿಂಗೇ ಬಿತ್ತಲ್ಲ.” ಶಬ್ದ: “ಟಕ್ ಅಂತು, ಕೇಳಿಸ್ಲಿಲ್ವಾ? ಸರ್ವೋ ಗೇರ್ ಹೋಗಿದೆ.” ನಾಲ್ಕೂ ಕೈಕೊಟ್ಟರೆ ಗಾಳಿ ಇದ್ದೇ ಇದೆ. ಗಾಳಿ ಎಂದೂ ಬಂದು ಪ್ರತಿಸಾಕ್ಷಿ ಹೇಳಿದ್ದಿಲ್ಲ.

ಸೂತ್ರ 9: ದುರಸ್ತಿಗೊಮ್ಮೆ ಭಾರ.

ಭಾಷ್ಯ: ಶಾಸ್ತ್ರದ ದುರಂತ ಇಲ್ಲಿದೆ. ಬಿದ್ದ ವಿಮಾನಕ್ಕೆ ಅಂಟು ಬೇಕು. ಅಂಟಿದ ಜಾಗ ಬಿಡಬಾರದೆಂದು ಟೇಪು. ಟೇಪು ಚೆನ್ನಾಗಿ ಕಾಣಲೆಂದು ಬಣ್ಣ. ಮುರಿದ ಕಡೆ ಮತ್ತೆ ಮುರಿಯದಿರಲೆಂದು ಬಿದಿರಿನ ಕಡ್ಡಿ. ಇಷ್ಟೆಲ್ಲ ಎಳೆಯಲು ದೊಡ್ಡ ಮೋಟಾರು. ಅದಕ್ಕೆ ದೊಡ್ಡ ಬ್ಯಾಟರಿ. 400 ಗ್ರಾಂ ಇದ್ದದ್ದು ಮೆಲ್ಲನೆ 600ಕ್ಕೆ ಏರುತ್ತದೆ. ತೂಕ ಒಂದೂವರೆ ಪಟ್ಟು, ಪೆಟ್ಟು ಎರಡೂಕಾಲು ಪಟ್ಟು. ಹಾರಿಸುವವನು ಹೊಸದಾಗಿ ಕಲಿತದ್ದಷ್ಟನ್ನೂ ವಿಮಾನ ಹೊಸದಾಗಿ ತೂಗಿದ್ದು ತಿಂದುಹಾಕುತ್ತದೆ. ಗಟ್ಟಿಮುಟ್ಟಾಗುವುದೆಂದರೆ ಕ್ಷಮೆ ಕಳೆದುಕೊಳ್ಳುವುದು. ಇದು ಮನುಷ್ಯರಿಗೂ ಅನ್ವಯಿಸುತ್ತದೆಯೇ ಎಂಬ ಚರ್ಚೆ ಈ ಗ್ರಂಥದ ವ್ಯಾಪ್ತಿಗೆ ಸೇರಿದ್ದಲ್ಲ.

ಸಿದ್ಧಾಂತ: ಎರಡು ಮೂರು ಸಲ ತೇಪೆ ಹಾಕಿದ ಮೇಲೆ ಮೋಟಾರು, ಸರ್ವೋ, ರಿಸೀವರ್‌ಗಳನ್ನು ಬಿಚ್ಚಿಕೊಂಡು ಹಳೆಯ ದೇಹವನ್ನು ಬಿಟ್ಟುಬಿಡಬೇಕು, ಹೊಸ ಹಾಳೆ ತರಬೇಕು. ದೇಹ ಹೋದರೂ ಆತ್ಮ ಉಳಿಯುತ್ತದೆ ಎಂಬ ಮಾತಿಗೆ 9 ಗ್ರಾಮಿನ ಸರ್ವೋ ಮೈದಾನದ ಸಾಕ್ಷಿ.

ಫಲಶ್ರುತಿ

ಈ ಮೀಮಾಂಸೆಯನ್ನು ಭಾನುವಾರ ಬೆಳಗ್ಗೆ ಓದಿದವನಿಗೆ ಗಾಳಿ ತಗ್ಗುತ್ತದೆ. ಓದಿಸಿ ಕೇಳಿದವನ ಬ್ಯಾಟರಿ ಉಬ್ಬುವುದಿಲ್ಲ. ಬಾಯಿಪಾಠ ಮಾಡಿದವನಿಗೆ ತೆಂಗಿನ ಮರ ದಾರಿ ಬಿಡುತ್ತದೆ. ಆದರೆ ಭಕ್ತಿ ಹೆಚ್ಚಾಗಿ ಇದನ್ನು ಪ್ರಿಂಟ್ ತೆಗೆದು, ರಕ್ಷೆಯೆಂದು ವಿಮಾನದ ಹೊಟ್ಟೆಯೊಳಗಿಟ್ಟು ಹಾರಿಸುವವನಿಗೆ ಯಾವ ಫಲವೂ ಇಲ್ಲ. ಎ4 ಹಾಳೆ ಒಂದಕ್ಕೆ 5 ಗ್ರಾಂ. ನಾಲ್ಕು ಹಾಳೆಯ ಪಾಂಡಿತ್ಯ ಎರಡು ಸರ್ವೋಗಿಂತ ಭಾರ.