ರಟ್ಟಿನ ಪೆಟ್ಟಿಗೆಯ ಪುನರಾಗಮನ

ಪ್ರಬಂಧಕಾರನೆನಿಸಿಕೊಳ್ಳಲು ಮೊದಲು ಒಂದು ಆರಾಮಕುರ್ಚಿ ಬೇಕೆಂಬ ಭ್ರಮೆಗೊಳಗಾಗಿ, ಮೊಬೈಲಿನ ಚಿತ್ರವನ್ನೇ ನಂಬಿ ಸಾಗುವಾನಿಯದೆಂದು ನಾನು ತರಿಸಿದ ಕುರ್ಚಿಯು, ಜೆ.ಪಿ. ನಗರದ ನಮ್ಮ ಮನೆಯಲ್ಲಿ ನನ್ನ ಭಾರವನ್ನು ಅರೆಗಳಿಗೆಯೂ ಸಹಿಸದೆ ತನ್ನ ಎಡಗೈಯನ್ನು ಕಳಚಿ ನನ್ನ ಕೈಗೇ ಕೊಟ್ಟಿತು. ಮುರಿದೆಡೆಯಲ್ಲಿ ಇಣುಕಿದ್ದು ಒತ್ತಿ ಅಂಟಿಸಿದ ಮರದ ಹೊಟ್ಟು. "ಅಂಗಡಿಗೆ ಹೋಗಿ ಕೂತು ನೋಡಿ ತನ್ನಿ ಅಂತ ಬಡ್ಕೊಂಡೆ" ಎಂದಳು ಹೆಂಡತಿ. ಇದಕ್ಕೆ ಉತ್ತರ ಯಾವ ಶಾಸನದಲ್ಲಿಯೂ ಇಲ್ಲ.

ಕುರ್ಚಿಯ ವಿಷಯಕ್ಕಾದರೋ ಇತ್ತು. ಮನಸ್ಸು ಬದಲಾಯಿತೆಂದು ಕೊಂಡದ್ದನ್ನು ಹಿಂದಿರುಗಿಸುವ ಹಕ್ಕನ್ನು ನಮ್ಮ ಕಾನೂನು ಕೊಟ್ಟಿಲ್ಲವಾದರೂ, ದೋಷಯುಕ್ತವಾದ ಅಥವಾ ವರ್ಣನೆಗೆ ತಾಳೆಯಾಗದ ಸರಕನ್ನು ಮಾರಿದವನು ಹಿಂಪಡೆಯಲೊಲ್ಲೆನೆನ್ನುವಂತಿಲ್ಲವೆಂದು 2020ರ ಇ-ಕಾಮರ್ಸ್ ನಿಯಮಗಳು ವಿಧಿಸಿವೆ. ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸಿ ತಿಂಗಳೊಳಗೆ ಪರಿಹರಿಸಬೇಕು. ಇದಿಷ್ಟನ್ನೂ, 1915 ಎಂಬ ಸಹಾಯವಾಣಿಯ ಸಂಖ್ಯೆಯನ್ನೂ, 5 ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲವೆಂಬುದನ್ನೂ ಗಂಭೀರ ಸ್ವರದಲ್ಲಿ ಫೋನಿನಲ್ಲಿ ನಿವೇದಿಸಿದಾಗ, ಆ ಕಡೆಯ ಹುಡುಗಿ ಕೇಳಿದ್ದು ಒಂದೇ: "ಒರಿಜಿನಲ್ ಬಾಕ್ಸ್ ಇದೆಯಾ ಸರ್?"

ಬಾಕ್ಸನ್ನು ಆ ಬೆಳಿಗ್ಗೆಯೇ ರದ್ದಿ ಅಂಗಡಿಗೆ ಹಾಕಿ ಮೂವತ್ತು ರೂಪಾಯಿ ಎಣಿಸಿಕೊಂಡಿದ್ದೆ.

ಓಡಿದೆ. ಹಳೆಯ ಪೇಪರಿನ ರಾಶಿಗೆ ಒರಗಿ, ಮದುವೆಮನೆಯಲ್ಲಿ ಯಾರೂ ಮಾತನಾಡಿಸದ ನೆಂಟನಂತೆ ಅದು ನಿಂತಿತ್ತು.

"ಅರವತ್ತು ಕೊಡಿ ಸಾರ್."

"ಬೆಳಿಗ್ಗೆ ಮೂವತ್ತಕ್ಕೆ ಕೊಟ್ಟವನು ನಾನೇ ಅಲ್ಲವೇನಯ್ಯಾ? ಅದನ್ನೇ ವಾಪಸು ಕೇಳ್ತಿದೀನಿ."

"ನಮ್ಮಲ್ಲಿ ರಿಟರ್ನ್ ಇಲ್ಲ ಸಾರ್."

ನಾನು ಸ್ತಬ್ಧನಾದೆನು. ಈತನಿಗೆ ಯಾವ ನಿಯಮವನ್ನು ಉದ್ಧರಿಸಲಿ? ಸರಕಿನಲ್ಲಿ ದೋಷವಿಲ್ಲ, ರಟ್ಟೆಂದು ತೂಗಿದ್ದು ರಟ್ಟೇ, ಮನಸ್ಸು ಬದಲಾಯಿಸಿದವನು ನಾನು, ಮತ್ತು ಈ ವ್ಯವಹಾರದಲ್ಲಿ ಮಾರಿದವನೂ ನಾನೇ. ನ್ಯಾಯವು ಸಂಪೂರ್ಣವಾಗಿ ರದ್ದಿಯವನ ಪಕ್ಷದಲ್ಲಿತ್ತು. ಐವತ್ತಕ್ಕೆ ಇಳಿಸಿದ; ಅದೂ, ಕುರ್ಚಿಯ ಕೈ ಮುರಿದ ಕಥೆಯನ್ನು ಅಭಿನಯಸಹಿತವಾಗಿ ಎರಡನೆಯ ಬಾರಿ ಹೇಳಿಸಿಕೊಂಡ ಮೇಲೆ.

ಆಳುದ್ದದ ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ರಂಗಶಂಕರ ನಾಟಕಮಂದಿರದ ಮುಂದೆ ಬರುತ್ತಿರಲು, ಗಂಟೆ ಏಳಾಗಿದ್ದು, ತಡವಾದರೆ ಒಳಗೆ ಬಿಡರೆಂಬ ಭಯದಿಂದ ಧಾವಿಸುತ್ತಿದ್ದ ಹಿರಿಯರೊಬ್ಬರು ನನಗೆ ಭಕ್ತಿಯಿಂದ ದಾರಿ ಬಿಟ್ಟು, "ಪ್ರಾಪರ್ಟಿ ಹೋಗ್ತಾ ಇದೆ, ಸರಿಯಿರಿ" ಎಂದು ಉಳಿದವರನ್ನೂ ಸರಿಸಿದರು. ನಾನು ಕಲಾವಿದನಿಗೆ ತಕ್ಕ ಗಾಂಭೀರ್ಯದಿಂದ ನಡೆದೆನೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಮಾರನೆಯ ದಿನ ಕುರ್ಚಿಯನ್ನೊಯ್ಯಲು ಮಳೆಯಲ್ಲಿ ತೊಯ್ದು ಬಂದ ಹುಡುಗನಿಗೆ, ಫೋನಿನವರಿಗೆಂದು ಕೂಡಿಟ್ಟಿದ್ದ ಸಿಟ್ಟನ್ನೆಲ್ಲ ಸುರಿದೆ. ಅವನು ತಲೆಯೆತ್ತದೆ ನಾಲ್ಕು ಫೋಟೋ ತೆಗೆದ. "ಗೋಡೌನಲ್ಲಿ ಒಪ್ಪದಿದ್ರೆ ನನಗೇ ಬಯ್ತಾರೆ ಸಾರ್" ಎಂದಾಗ ನನ್ನ ವಾಗ್ಝರಿ ಬತ್ತಿಹೋಗಿ, ಒಳಗಿನಿಂದ ಟವೆಲನ್ನೂ ಕಾಫಿಯನ್ನೂ ತಂದೆ. ಕುರ್ಚಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾಡಿಗೇರಿಸಿದ.

"ಬಾಕ್ಸು?" ಎಂದೆ.

"ಅದು ಬೇಡ ಸಾರ್. ಸುಮ್ನೆ ಜಾಗ ತಿನ್ನತ್ತೆ. ರದ್ದಿಗೆ ಹಾಕ್ಬಿಡಿ."