ಮಾಸ್ತರ ಸಬಕಾರ

ತೂಕ, ಶೇಕಡಾ, ದಶಮಾಂಶ ಇರುವ ಕೆಲಸವನ್ನು ಗಣಿತದ ಮಾಸ್ತರನಿಗೇ ಬಿಡಬೇಕೆಂಬ ನಂಬಿಕೆ ಇಡೀ ಹುನಗುಂದದಲ್ಲಿ ನನಗೊಬ್ಬನಿಗೇ ಇತ್ತು. ಮಗಳು ಮೇಣಬತ್ತಿ ಮಾಡಲು ತರಿಸಿ ಮರೆತಿದ್ದ ಸೋಯಾ ಮೇಣ ಕಪಾಟಿನಲ್ಲಿ ಕಂಡಿತು. ಅದನ್ನು ಹಾಕಿದರೆ ಸಬಕಾರ ಗಟ್ಟಿಯಾಗುತ್ತದೆಂದು ಎಲ್ಲೋ ಓದಿದ್ದೆ. ತೋಳು ಮಡಚಿದೆ.

"ಪ್ಯಾಟ್ಯಾಗ ಬೇಕಾದಷ್ಟು ಸಿಗತಾವಲ್ರೀ?" ಅಂದಳು ಮನೆಯಾಕೆ.

"ಅದರಾಗ ಲೆಕ್ಕದ ಮಜಾ ಸಿಗತೈತೇನು?"

ಒಂದು ಗ್ರಾಂ ಕೊಬ್ಬರಿ ಎಣ್ಣೆ ಸಬಕಾರವಾಗಲು ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಸೇಂಗಾ ಎಣ್ಣೆಗೆ 0.136. ತಲಾ 200 ಗ್ರಾಂ ಎಣ್ಣೆಗೆ ಒಟ್ಟು 63.8. ಚರ್ಮ ಉರಿಯದಿರಲೆಂದು ಶೇ. 5 ಕಳೆದರೆ 60.6. ಉಳಿದದ್ದು 100 ಗ್ರಾಂ ಮೇಣ. ಮೇಣಕ್ಕೆಂಥ ಕಾಸ್ಟಿಕ್ ಎಂದು ಆ ಸಾಲಿಗೆ ಸೊನ್ನೆ ಹಾಕಿದೆ. ಹುಡುಗರ ಉತ್ತರಪತ್ರಿಕೆಯಲ್ಲಿ ಬರೆದು ಬರೆದು ನನ್ನ ಸೊನ್ನೆ ಬಲು ದುಂಡಗೆ ಬರುತ್ತದೆ.

ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್‌ಗೆ ನೀರು ಸುರಿಯಬಾರದು. ಅದನ್ನೇನೋ ಪಾಲಿಸಿದೆ. ನೀರಿದ್ದದ್ದು ಮಾತ್ರ ಜರ್ಮನ್ ಬೋಗಾಣಿಯಲ್ಲಿ. ಬುಸ್ ಎಂದು ನೊರೆಯೆದ್ದು ಬೋಗಾಣಿ ಕಪ್ಪಿಟ್ಟಿತು. ಕಾಸ್ಟಿಕ್ ಅಲ್ಯುಮಿನಿಯಮ್ಮನ್ನು ತಿಂದು ಹೈಡ್ರೋಜನ್ ಬಿಡುವುದು ವಿಜ್ಞಾನದ ಮಾಸ್ತರರ ವಿಷಯ, ನನ್ನದಲ್ಲ.

ಸ್ಟೀಲಿನ ಪಾತ್ರೆಯಲ್ಲಿ ಮತ್ತೆ ಮಾಡಿದ್ದು ವಾರಗಟ್ಟಲೆ ಒಣಗಿಸಿದರೂ ಜಿಡ್ಡು ಬಿಡಲಿಲ್ಲ. ಅದರಿಂದ ಕೈ ತೊಳೆದರೆ ಕೈಗೆ ಒಗ್ಗರಣೆ ಕೊಟ್ಟಂತಾಗುತ್ತಿತ್ತು. ವಿಜ್ಞಾನದ ಮಾಸ್ತರರು ನನ್ನ ಸೊನ್ನೆ ನೋಡಿ ನಕ್ಕರು. "ಇದು ಸೋಯಾ ಎಣ್ಣಿಗೆ ಹೈಡ್ರೋಜನ್ ಕೂಡಿಸಿ ಗಟ್ಟಿ ಮಾಡಿದ್ದು, ಡಾಲ್ಡಾ ಇದ್ದಂಗ. ಇದಕ್ಕೂ 0.136 ಹಿಡೀರಿ. ಐದು ಪಾಲು ಕೊಬ್ಬಿನಾಗ ಒಂದು ಪಾಲು ಹಂಗ ಉಳದೈತಿ."

ಗಣಿತದವನು ವಿಜ್ಞಾನದವರ ಅಂಕಿ ತೆಗೆದುಕೊಳ್ಳುವುದೇ? ನನ್ನದೇ ಪಟ್ಟಿಯೊಂದನ್ನು ಹುಡುಕಿದೆ: ಕೊಬ್ಬರಿ 0.257, ಸೇಂಗಾ 0.191, ಸೋಯಾ ಮೇಣವೂ 0.191. ಶೇ. 5 ಕಳೆದರೂ 103 ಗ್ರಾಂ! ಈ ಸಲ ಸಬಕಾರ ಕಲ್ಲಿನಂತೆ ಗಟ್ಟಿಯಾಯಿತು. ಮೆರೆಯಲು ಇಳಕಲ್ಲಿಗೆ ಒಯ್ದೆ. ಅಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಗೆಳೆಯನಿಗೆ ಕಾಸ್ಟಿಕ್ ದಿನದ ಒಡನಾಟ. ಒದ್ದೆ ಬೆರಳಿನಿಂದ ಮುಟ್ಟಿದವನೇ ನಲ್ಲಿಗೆ ಓಡಿದ.

"ಮಾಸ್ತರ, ಇದನ್ನ ರೇಷ್ಮಿ ಸೆರಗಿನ ಹಂತ್ಯಾಕ ಒಯ್ಯಬ್ಯಾಡ್ರಿ. ಸೆರಗ ತಿಂತೈತಿ."

ಆ ಪಟ್ಟಿ ಪೊಟ್ಯಾಶ್ ಕಾಸ್ಟಿಕ್ಕಿನದಂತೆ. ಸೋಡಾಕ್ಕೆ ಬಳಸುವುದಾದರೆ ಪ್ರತಿ ಅಂಕಿಯನ್ನೂ 1.403ರಿಂದ ಭಾಗಿಸಬೇಕು. ಭಾಗಾಕಾರ ನಾನು ಐದನೇ ಇಯತ್ತೆಗೆ ಕಲಿಸುವ ಪಾಠ. ಮನೆಯಾಕೆ ಕೈಗೆ ರಬ್ಬರ್ ಗವಸು ಹಾಕಿ ಆ ಸಬಕಾರದಿಂದ ಬಚ್ಚಲ ತಿಕ್ಕಿದಳು. ಕೆಂಪು ಗ್ರಾನೈಟು ಹೊಸದಾಗಿ ಹೊಳೆಯಿತು.

ಮೂರನೆಯದಕ್ಕೆ ಬಾಗಲಕೋಟೆಯಿಂದ ತರಿಸಿದ ಡಿಜಿಟಲ್ ತಕ್ಕಡಿಯನ್ನು ಆಕೆಯೇ ಹಿಡಿದಳು. ಮೂರೂ ಸೇರಿ 77.4, ಶೇ. 5 ಹೋಗಿ 73.5. "ನೀವು ಬರೇ ತಿರುವ್ರಿ. ಬಾಯಿ ತೆಗೀಬ್ಯಾಡ್ರಿ."

ಆರು ವಾರ ಒಣಗಿದ ಮೇಲೆ ಬಾದಾಮಿಯ ಬೀಗರು ಬಂದು ಕೈ ತೊಳೆದು, ನೊರೆ ನೋಡಿ ತಲೆದೂಗಿದರು. "ಮಾಸ್ತರ ಲೆಕ್ಕ ಅಂದ್ರ ಲೆಕ್ಕ ನೋಡ್ರಿ!"

ಮನೆಯಾಕೆ ಬಾಯಿ ತೆರೆಯುವುದರೊಳಗೆ ಬೀಗರ ಚೀಲಕ್ಕೆ ಎರಡು ಸಬಕಾರ ತುರುಕಿ, ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸಿದೆ.